ಜೊತೆಗೆ ಬಂದವರು

ಬಸ್ಸು ತುಂಬಿತು, ಹೊಲಿಗೆಯಮ್ಮನ ಪಕ್ಕದ ಸೀಟು ಮಾತ್ರ ಖಾಲಿಯೇ ಉಳಿಯಿತು. ಹತ್ತಿದವರೆಲ್ಲ ಹಿಂದಿನ ಸಂಜೆ ಚಹಾ ಕುಡಿಯುವಾಗಲೇ ಪರಿಚಯ ಮಾಡಿಕೊಂಡು ತಮ್ಮ ತಮ್ಮ ಜೋಡಿ ನೋಡಿಕೊಂಡಿದ್ದರು. ಯಾರಾದರೂ ಬಂದಾರೆಂದು ಆಕೆ ಕೈಚೀಲವನ್ನು ಸೀಟಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಾಗಿಲು ಮುಚ್ಚಿ ಬಸ್ಸು ಹೊರಟ ಮೇಲೆ ಮತ್ತೆ ಅಲ್ಲಿಯೇ ಇಟ್ಟಳು. ಕೊರಳಲ್ಲಿ ನೀಲಿ ಪಟ್ಟಿಗೆ ತೂಗುಬಿದ್ದ ಕಾರ್ಡು ಬಸ್ಸಿನ ಕುಲುಕಾಟಕ್ಕೆ ತಿರುಗಿ ತಿರುಗಿ ಬೀಳುತ್ತಿತ್ತು. ಅದರ ಮೇಲೆ ಮಗಳ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ ‘ಜೊತೆಗೆ ಬಂದವರು’ ಎಂಬ ಅರ್ಥದ ಮಾತು. ಅಕ್ಷರ ಆಕೆಗೆ ಗೊತ್ತಿಲ್ಲದ್ದು; ಮಗಳೇ ಓದಿ ಹೇಳಿದ್ದಳು.

ಆ ಊರಿನಲ್ಲಿ ದೊಡ್ಡದೊಂದು ಸಮ್ಮೇಳನ ನಡೆದಿತ್ತು. ಐಸಿಯುವಿನಲ್ಲಿ ಕೆಲಸ ಮಾಡುವ ಡಾಕ್ಟರುಗಳು ದೇಶದೇಶಗಳಿಂದ ಬಂದು ನೆರೆದಿದ್ದರು. ಅವರು ಹಗಲೆಲ್ಲ ಹವಾನಿಯಂತ್ರಿತ ಸಭಾಂಗಣಗಳಲ್ಲಿ ಕೂತು, ಜೀವ ಹೋಗುವವರನ್ನು ಹಿಡಿದು ನಿಲ್ಲಿಸುವುದು ಹೇಗೆಂದು ಚರ್ಚೆ ಮಾಡುತ್ತಿದ್ದರು. ಅವರ ಜೊತೆಗೆ ಬಂದ ಗಂಡಂದಿರು, ಹೆಂಡತಿಯರು ಬೇಸರಪಟ್ಟುಕೊಳ್ಳಬಾರದೆಂದು ಸಮ್ಮೇಳನದವರೇ ಬಸ್ಸು ಮಾಡಿ ಊರು ತೋರಿಸುತ್ತಿದ್ದರು. ಹೊಲಿಗೆಯಮ್ಮನ ಮಗಳೂ ಐಸಿಯು ಡಾಕ್ಟರು. ಅವಳದೂ ಒಂದು ಭಾಷಣವಿತ್ತು. “ನೀನೂ ಬಾರಮ್ಮ, ಮನೇಲಿ ಒಬ್ಬಳೇ ಹೊಲಿಗೆ ಮಿಷನ್ ಮುಂದೆ ಕೂತು ಏನ್ ಮಾಡ್ತೀಯ” ಎಂದು ಅವಳು ಹಟ ಹಿಡಿದಳು. ತಾಯಿ ಒಂದೆರಡು ಸಲ ಬೇಡವೆಂದಳು, ಆಮೇಲೆ ಒಪ್ಪಿಕೊಂಡಳು.

ಆಕೆ ಊರು ನೋಡುವ ಆಸೆಯಿಂದ ಹೊರಟವಳಲ್ಲ. ಮಗಳನ್ನು ಒಂದು ಮಾತು ಕೇಳುವುದಿತ್ತು. ಅದು ಕಳೆದ ಚಳಿಗಾಲದಿಂದ ಗಂಟಲಲ್ಲೇ ನಿಂತಿತ್ತು. ಮನೆಯಲ್ಲಿ ಕೇಳೋಣವೆಂದರೆ ಮಗಳು ಕಾಲಿಗೆ ಚಕ್ರ ಕಟ್ಟಿಕೊಂಡವಳು; ಬಂದರೆ ನಿದ್ದೆಗೆ, ಎದ್ದರೆ ಆಸ್ಪತ್ರೆಗೆ. ಪರಸ್ಥಳದಲ್ಲಿ, ಒಂದೇ ಕೋಣೆಯಲ್ಲಿ, ಒಂದಲ್ಲ ಒಂದು ಗಳಿಗೆ ಕೈಗೆ ಸಿಕ್ಕಾಳು ಎಂದುಕೊಂಡು ಬಂದಿದ್ದಳು.

ಹೊಲಿಗೆಯಮ್ಮನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಊರಿನ ಎತ್ತರದ ಕಟ್ಟಡಗಳೆಲ್ಲ ಅವನಿಗೆ ಒಳಗಿನಿಂದ ಪರಿಚಯ. ಕಳೆದ ಚಳಿಗಾಲ ಅವನ ಶ್ವಾಸಕೋಶಕ್ಕೆ ಸೋಂಕು ಇಳಿಯಿತು. ಮಗಳು ತನ್ನ ಐಸಿಯುವಿಗೇ ಸೇರಿಸಿಕೊಂಡಳು. ಗಂಟಲಿಗೆ ಕೊಳವೆ ಹಾಕುವ ಮೊದಲು ಅವನು ಪಕ್ಕದ ಮಿಷನ್ನಿನ ಸದ್ದಿಗೆ ಕಿವಿಗೊಟ್ಟು, “ಮೋಟ್ರು ಚೆನ್ನಾಗಿದೆ” ಎಂದಿದ್ದ. ಅವನ ಬಾಯಿಂದ ಬಂದ ಕೊನೆಯ ಮಾತು ಅದೇ ಆಯಿತು. ಬೇರೆ ರೋಗಿಗಳ ಮನೆಯವರನ್ನು ಹೊರಗೆ ಕೂರಿಸುತ್ತಿದ್ದರು. ಡಾಕ್ಟರ ತಾಯಿಯೆಂದು ಈಕೆಗೆ ಮಾತ್ರ ಹಾಸಿಗೆಯ ಪಕ್ಕದಲ್ಲೇ ಒಂದು ಕುರ್ಚಿ ಕೊಟ್ಟಿದ್ದರು. ಗಂಡನ ಕೈ ಹಿಡಿದುಕೊಂಡು, ಮಿಷನ್ನು ಉಸಿರು ಹಾಕುವುದನ್ನೂ ತೆಗೆಯುವುದನ್ನೂ ಕೇಳುತ್ತ, ಆಕೆ ಆ ಕುರ್ಚಿಯಲ್ಲೇ ಹಗಲು ರಾತ್ರಿ ಕಳೆದಳು.

ಒಂದು ಬೆಳಿಗ್ಗೆ ಮಗಳು ಬಂದು ಹೆಗಲ ಮೇಲೆ ಕೈಯಿಟ್ಟು, “ಅಮ್ಮ, ಮನೆಗೆ ಹೋಗಿ ಸ್ನಾನ ಮಾಡಿ, ಊಟ ಮಾಡ್ಕೊಂಡು ಬಾ. ಅಪ್ಪ ಎಲ್ಲೂ ಹೋಗಲ್ಲ” ಎಂದಳು. ಆಕೆ ಹೋದಳು. ಸ್ನಾನ ಮಾಡಿ, ಉಂಡು ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಮಗಳು ಪರದೆಯ ಹೊರಗೆ ನಿಂತಿದ್ದಳು. “ಅಮ್ಮ, ಆಯ್ತು” ಎಂದಳು. ಅಷ್ಟೇ. ಅದಾದ ಮೇಲೆ ಜನ ಬಂದರು, ಹೋದರು, ಮಾಡಬೇಕಾದ ಕೆಲಸಗಳು ಒಂದರ ಹಿಂದೆ ಒಂದು ಬಂದವು. ತಾಯಿ ಮಗಳು ಆ ಬೆಳಗಿನ ಮಾತನ್ನು ಎತ್ತಲೇ ಇಲ್ಲ.

ಕಳಿಸುವಾಗ ಅವಳಿಗೆ ಗೊತ್ತಿತ್ತೇ? ಹೊಲಿಗೆಯಮ್ಮ ಕೇಳಬೇಕೆಂದಿದ್ದುದು ಇದೊಂದನ್ನೇ. ಗೊತ್ತಿತ್ತೆಂದರೆ ಏನು ಮಾಡುವುದು, ಗೊತ್ತಿರಲಿಲ್ಲವೆಂದರೆ ಏನು ಮಾಡುವುದು, ಅದು ಆಕೆಗೂ ತಿಳಿಯದು. ಹೊಲಿದ ಬಟ್ಟೆಯಲ್ಲಿ ಮರೆತುಬಿಟ್ಟ ಗುಂಡುಸೂಜಿಯ ಹಾಗೆ ಅದು ಕೂತರೂ ಚುಚ್ಚುತ್ತಿತ್ತು, ನಿಂತರೂ ಚುಚ್ಚುತ್ತಿತ್ತು.

ಊರು ತೋರಿಸುವವಳು ಕೈಯಲ್ಲಿ ಹಳದಿ ಛತ್ರಿ ಎತ್ತಿ ಹಿಡಿದುಕೊಂಡು ಮುಂದೆ ಮುಂದೆ ನಡೆದಳು. ಅವಳು ಹೇಳಿದ್ದರಲ್ಲಿ ಹೊಲಿಗೆಯಮ್ಮನಿಗೆ ಅರ್ಧ ಅರ್ಥವಾದರೆ ಹೆಚ್ಚು. ಎಲ್ಲರೂ ತಲೆಯೆತ್ತಿದಾಗ ತಾನೂ ತಲೆಯೆತ್ತುತ್ತಿದ್ದಳು. ಗಡಿಯಾರದ ಗೋಪುರ ನೋಡಿದರು, ಯಾವುದೋ ಕಾಲದ ಕೋಟೆಯ ಗೋಡೆ ನೋಡಿದರು. ಗುಂಪಿನಲ್ಲಿ ಆಕೆಯ ಭಾಷೆಯವನೆಂದರೆ ಒಬ್ಬನೇ ಒಬ್ಬ. ಒಬ್ಬ ಡಾಕ್ಟರಮ್ಮನ ಗಂಡ. ಹೊಟ್ಟೆಯ ಮೇಲೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಕಂಡಕಂಡದ್ದನ್ನೆಲ್ಲ ತೆಗೆಯುತ್ತಿದ್ದ.

“ನಮ್ಮನೆಯವಳು ಇಪ್ಪತ್ತು ದೇಶಕ್ಕೆ ಸಮ್ಮೇಳನ ಅಂತ ಹೋಗಿದಾಳೆ ತಾಯಿ, ಒಂದು ಊರನ್ನೂ ನೋಡಿಲ್ಲ” ಎಂದ. “ನಾನು ಇಪ್ಪತ್ತು ಊರನ್ನೂ ನೋಡಿದೀನಿ. ಅವಳನ್ನೇ ಸರಿಯಾಗಿ ನೋಡಿಲ್ಲ.”

ಹೊಲಿಗೆಯಮ್ಮನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗುವಾದ್ದರಿಂದ ಅದು ಅರ್ಧಕ್ಕೇ ನಿಂತಿತು. ಯಜಮಾನರು ಬರಲಿಲ್ಲವೇ ಎಂದು ಅವನು ಕೇಳಿದಾಗ, ಇಲ್ಲ, ಅವರು ಬರಲಿಲ್ಲ ಎಂದಳು. ಸುಳ್ಳೇನೂ ಅಲ್ಲವಲ್ಲ.

ಮಧ್ಯಾಹ್ನ ಅರಮನೆಗೆ ಕರೆದುಕೊಂಡು ಹೋದರು. ಒಳಗಿನ ಒಂದು ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಚಿತ್ರ. ಯಾವುದೋ ರಾಜ ಸಾಯುತ್ತಿದ್ದಾನೆ. ಸುತ್ತ ಮಂತ್ರಿಗಳು, ವೈದ್ಯರು, ಮಕ್ಕಳು. ಒಬ್ಬ ಬಾಗಿಲ ಹತ್ತಿರ ಬೆನ್ನು ತಿರುಗಿಸಿ ಅಳುತ್ತಿದ್ದಾನೆ, ಒಂದು ನಾಯಿ ಕೂಡ ಮಂಚದ ಕೆಳಗೆ ಮಲಗಿದೆ. ರಾಣಿ ಎಲ್ಲಿ ಎಂದು ಹೊಲಿಗೆಯಮ್ಮ ಹುಡುಕಿದಳು. ಅವಳು ರಾಜನ ಕಾಲ ಬಳಿ ಕೂತು, ಅವನ ಪಾದವನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಮುಖದಲ್ಲಿ ಅಳುವಿರಲಿಲ್ಲ. ಕೆಲಸದಲ್ಲಿ ಇರುವವರ ಮುಖ ಅದು. ಹೊಲಿಗೆಯಮ್ಮ ಆ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತಳೋ, ತಿರುಗಿ ನೋಡಿದರೆ ಹಳದಿ ಛತ್ರಿಯೂ ಇಲ್ಲ, ಜನವೂ ಇಲ್ಲ. ಛತ್ರಿಯವಳು ಏದುಸಿರು ಬಿಡುತ್ತ ಹುಡುಕಿಕೊಂಡು ಬಂದು, ನಗುತ್ತಲೇ ಏನೋ ಬೈದು, ಕೈಹಿಡಿದು ಬಸ್ಸಿಗೆ ಕರೆದುಕೊಂಡು ಹೋದಳು.

ಸಂಜೆ ಹೋಟೆಲಿನ ಕೋಣೆಗೆ ಮಗಳು ಬಂದಾಗ ಕಾಲಿನ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಹಾಸಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಲ್ಯಾಪ್‌ಟಾಪು ತೆರೆದಳು. ಮರುದಿನ ಬೆಳಿಗ್ಗೆಯೇ ಅವಳ ಭಾಷಣ. ಎರಡು ಹಾಸಿಗೆಗಳ ನಡುವೆ ಒಂದು ದೀಪವಿತ್ತು; ಅದರ ಬೆಳಕಿನಲ್ಲಿ ಮಗಳ ಕೆನ್ನೆಯ ಮೂಳೆ ಅವಳಪ್ಪನದೇ ಎನ್ನುವ ಹಾಗೆ ಎದ್ದು ಕಾಣುತ್ತಿತ್ತು. ಇದೇ ಹೊತ್ತು ಎಂದುಕೊಂಡಳು ತಾಯಿ.

“ಮರಿ, ಒಂದು ಮಾತು ಕೇಳ್ಲಾ?”

“ಕೇಳಮ್ಮ” ಎಂದಳು ಮಗಳು. ಕಣ್ಣು ಪರದೆಯ ಮೇಲಿತ್ತು, ಬೆರಳು ಓಡುತ್ತಿತ್ತು.

ಬಾಯಿಯ ತುದಿಗೆ ಬಂದದ್ದು ಅಲ್ಲಿಂದಲೇ ತಿರುಗಿತು. “ಊಟ ಮಾಡಿದ್ಯಾ?” ಎಂದು ಕೇಳಿದಳು. ಅಲ್ಲಿಯೇ ಏನೋ ಕೊಟ್ಟರು, ತಿಂದೆ ಎಂದಳು ಮಗಳು. ಊರು ಹೇಗಿದೆ ಎಂದೂ ಕೇಳಿದಳು. ಚೆನ್ನಾಗಿದೆ ಎಂದು ತಾಯಿ ಹೇಳಿದಳು. ಅರಮನೆಯ ಚಿತ್ರದ ಸುದ್ದಿ ಎತ್ತಲಿಲ್ಲ.

ಮರುದಿನ ಬಸ್ಸು ಸಮ್ಮೇಳನದ ಕಟ್ಟಡದ ಮುಂದೆ ಬಂದು ನಿಂತಿತು. ಹೊಲಿಗೆಯಮ್ಮ ಮಂಡಿ ತೋರಿಸಿ, ನೋವು ಎಂದು ಸನ್ನೆ ಮಾಡಿ ಉಳಿದುಕೊಂಡಳು. ಮಂಡಿಗೆ ಏನೂ ಆಗಿರಲಿಲ್ಲ. ಇನ್ನೊಂದು ದಿನ ತಲೆಯೆತ್ತಿ ನೋಡುವುದು ಆಕೆಯಿಂದ ಆಗುತ್ತಿರಲಿಲ್ಲ, ಅಷ್ಟೇ. ಒಳಗೆ ಉದ್ದನೆಯ ಮೊಗಸಾಲೆ. ಎರಡೂ ಕಡೆ ಅಂಗಡಿಗಳ ಹಾಗೆ ಕಟ್ಟೆ ಹಾಕಿ, ಐಸಿಯುವಿನ ಮಿಷನ್ನುಗಳನ್ನು ಸಾಲಾಗಿ ಇಟ್ಟಿದ್ದರು. ಉಸಿರಾಡಿಸುವ ಮಿಷನ್ನೊಂದು ರೋಗಿಯ ಬದಲು ಒಂದು ರಬ್ಬರ್ ಚೀಲಕ್ಕೆ ಗಾಳಿ ತುಂಬುತ್ತ, ತೆಗೆಯುತ್ತ ಇತ್ತು. ಆ ಸದ್ದು ಆಕೆಗೆ ಬೆನ್ನಿನಲ್ಲಿ ಕೇಳಿಸಿತು. ಪಕ್ಕದಲ್ಲಿ ಸೂಟು ಹಾಕಿಕೊಂಡ ಯುವಕನೊಬ್ಬ ಹೋಗಿಬರುವವರಿಗೆ ಪೆನ್ನು ಹಂಚುತ್ತಿದ್ದ. ಹೊಲಿಗೆಯಮ್ಮ ಅಲ್ಲಿಂದ ದೂರ ಹೋಗಿ, ಮೂಲೆಯ ಸೋಫಾ ಹಿಡಿದು ಕೂತಳು.

ಸ್ವಲ್ಪ ಹೊತ್ತಿಗೆ ಬೆಳ್ಳಿಕೂದಲಿನ ಡಾಕ್ಟರಮ್ಮ ಒಬ್ಬಳು ಅತ್ತಿಂದಿತ್ತ ಓಡಾಡುವುದು ಕಂಡಿತು. ಫೋನಿನಲ್ಲಿ ಹೊಲಿಗೆಯಮ್ಮನ ಭಾಷೆಯಲ್ಲೇ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಫೋನು ಮುಚ್ಚಿ ಸುತ್ತ ನೋಡಿದಳು, ಈಕೆ ತನ್ನನ್ನೇ ನೋಡುತ್ತಿರುವುದು ಕಂಡಳು.

“ನಾನು ಹೇಳಿದ್ದು ನಿಮಗೆ ಅರ್ಥ ಆಯ್ತಾ ಅಮ್ಮ?”

“ಆಯ್ತು.”

“ದೇವರು ಕಳಿಸಿದ ಹಾಗೆ ಬಂದಿದೀರಿ. ಒಂದು ಉಪಕಾರ ಮಾಡ್ತೀರಾ?”

ಸಂಗತಿ ಇಷ್ಟು. ಐಸಿಯುವಿನಲ್ಲಿ ರೋಗಿ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೆ ಮನೆಯವರಿಗೆ ಅದನ್ನು ಹೇಗೆ ಹೇಳಬೇಕೆಂದು ಡಾಕ್ಟರುಗಳಿಗೆ ಕಲಿಸುವ ಒಂದು ತರಗತಿ ಅಲ್ಲಿ ನಡೆಯುತ್ತಿತ್ತು. ಅಂಥ ಮಾತನ್ನು ಅವರವರ ಭಾಷೆಯಲ್ಲೇ ಕಲಿಯಬೇಕಾದ್ದರಿಂದ ಒಂದೊಂದು ಭಾಷೆಗೆ ಒಂದೊಂದು ಗುಂಪು. ಮನೆಯವರ ಪಾತ್ರ ಮಾಡಲು ನಾಟಕದವರನ್ನು ಗೊತ್ತು ಮಾಡಿದ್ದರು. ಉಳಿದ ಗುಂಪುಗಳಿಗೆ ಬಂದಿದ್ದರು, ಈ ಗುಂಪಿನ ನಟಿ ಮಾತ್ರ ಕೈಕೊಟ್ಟಿದ್ದಳು. ನೀವು ಸುಮ್ಮನೆ ಕುರ್ಚಿಯಲ್ಲಿ ಕೂತರೆ ಸಾಕು ಎಂದಳು ಬೆಳ್ಳಿಕೂದಲಿನವಳು. ನಿಮ್ಮ ಯಜಮಾನರು ಮಿಷನ್ ಮೇಲಿದ್ದಾರೆ, ಶ್ವಾಸಕೋಶದ ಸೋಂಕು, ಇನ್ನು ಉಳಿಯುವುದಿಲ್ಲ. ಒಬ್ಬೊಬ್ಬರಾಗಿ ಡಾಕ್ಟರುಗಳು ಬಂದು ಅದನ್ನು ಹೇಳುತ್ತಾರೆ.

“ನಂಗೆ ಅಭಿನಯ ಬರಲ್ಲಮ್ಮ” ಎಂದಳು ಹೊಲಿಗೆಯಮ್ಮ.

“ಏನನ್ನಿಸುತ್ತೋ ಅದನ್ನ ಆಡಿ. ಏನೂ ಅನ್ನಿಸದಿದ್ರೆ ಸುಮ್ಮನಿರಿ. ಎಷ್ಟೋ ಜನ ಸುಮ್ಮನೇ ಇರ್ತಾರೆ.”

ನನಗೆ ಇದು ಆಗಿಹೋಗಿದೆ ಎಂದು ಹೇಳಿದ್ದರೆ ಬೆಳ್ಳಿಕೂದಲಿನವಳು ನಾಲಗೆ ಕಚ್ಚಿಕೊಂಡು, ಕ್ಷಮೆ ಕೇಳಿ, ಬೇರೆ ಯಾರನ್ನೋ ಹುಡುಕಿಕೊಂಡು ಹೋಗುತ್ತಿದ್ದಳು. ಹೊಲಿಗೆಯಮ್ಮ ಹೇಳಲಿಲ್ಲ. ಪಾಪ, ಅವಸರದಲ್ಲಿದ್ದಾಳೆ ಅನ್ನಿಸಿದ್ದು ಒಂದು. ಇನ್ನೊಂದು, ಗಂಡ ಉಳಿಯುವುದಿಲ್ಲ ಎಂಬ ಮಾತನ್ನು ಆಕೆಗೆ ಯಾರೂ ಎದುರು ಕೂತು ಹೇಳಿರಲೇ ಇಲ್ಲ. ಅಲ್ಲಿನ ಡಾಕ್ಟರುಗಳು ಏನು ಹೇಳಿದರೂ ಮಗಳಿಗೆ ಹೇಳುತ್ತಿದ್ದರು. ಮಗಳು ತಾಯಿಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಕೋಣೆಯಲ್ಲಿ ಗೋಡೆಗೆ ಸೇರಿಸಿ ಒಂದಷ್ಟು ಡಾಕ್ಟರುಗಳು ಕೂತಿದ್ದರು. ನಡುವೆ ಎದುರುಬದುರು ಎರಡು ಕುರ್ಚಿ, ಪಕ್ಕದಲ್ಲಿ ಪುಟ್ಟ ಮೇಜು, ಅದರ ಮೇಲೆ ನೀರು, ಕಣ್ಣೊರೆಸುವ ಕಾಗದದ ಪೆಟ್ಟಿಗೆ. ರೋಗಿಯ ಹೆಂಡತಿಯ ಕೊರಳಲ್ಲಿ ಸಮ್ಮೇಳನದ ಕಾರ್ಡು ಇದ್ದರೆ ಸರಿ ಕಾಣುವುದಿಲ್ಲವೆಂದು ಬೆಳ್ಳಿಕೂದಲಿನವಳು ತಾನೇ ಅದನ್ನು ತೆಗೆದು, ಓದುವ ಗೋಜಿಗೂ ಹೋಗದೆ ಕಿಟಕಿಯ ಮೇಲಿಟ್ಟಳು.

ಮೊದಲು ಬಂದವನು ಮಳೆ ಹೊಯ್ದ ಹಾಗೆ ಮಾತಾಡಿದ. ಆಕ್ಸಿಜನ್ ಎಂದ, ಕಿಡ್ನಿ ಎಂದ, ರಕ್ತದ ಒತ್ತಡ ಎಂದ. ಸಾಯುತ್ತಾರೆ ಎನ್ನುವ ಮಾತನ್ನು ಅವುಗಳ ಮಧ್ಯೆ ಎಲ್ಲಿ ಹೇಳಿದನೋ ಗೊತ್ತಾಗಲಿಲ್ಲ. ಎರಡನೆಯವನು ಉದ್ದನೆಯ ಆಳು. ಕೂರುವುದನ್ನೇ ಮರೆತು, ನಿಂತುಕೊಂಡೇ ಬಗ್ಗಿ ಬಗ್ಗಿ ಹೇಳಿದ. ಹೊಲಿಗೆಯಮ್ಮನಿಗೆ ಕತ್ತೆತ್ತಿ ನೋಡಿ ನೋಡಿ ಗಡಿಯಾರದ ಗೋಪುರ ನೋಡಿದ ಹಾಗಾಯಿತು. “ಕೂತ್ಕೊಳಪ್ಪ” ಎಂದಳು. ಎಲ್ಲರೂ ನಕ್ಕರು, ಅವನೂ ನಕ್ಕು ಕೂತ. ಆಮೇಲೆ ಆಕೆಯ ಮುಖವನ್ನೇ ನೋಡಿದ. ಅವನ ಕಣ್ಣಿನಲ್ಲಿ ನೀರು ಬಂತು. ಹೊಲಿಗೆಯಮ್ಮ ಕಾಗದದ ಪೆಟ್ಟಿಗೆಯನ್ನು ಅವನ ಕಡೆ ಸರಿಸಿದಳು.

ಮೂರನೆಯವಳದು ಮೆತ್ತನೆಯ ದನಿ. ಬಂದವಳೇ ಹೊಲಿಗೆಯಮ್ಮನ ಕೈ ಹಿಡಿದುಕೊಂಡಳು. “ಅಮ್ಮ, ನೀವು ಬೆಳಗಿಂದ ಏನೂ ತಿಂದ ಹಾಗಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ, ಊಟ ಮಾಡ್ಕೊಂಡು ಬನ್ನಿ. ಆಮೇಲೆ ಕೂತು ಮಾತಾಡೋಣ” ಎಂದಳು.

“ಇಲ್ಲಿ ನಿಲ್ಲಿಸೋಣ” ಎಂದಳು ಬೆಳ್ಳಿಕೂದಲಿನವಳು. ಕುರ್ಚಿಯಿಂದ ಎದ್ದು ನಡುವೆ ಬಂದು, ಎಲ್ಲರ ಕಡೆ ತಿರುಗಿದಳು. “ಈಗ ಈ ಡಾಕ್ಟರ್ ಮಾಡಿದ್ದನ್ನ ಇಲ್ಲಿ ಯಾರು ಮಾಡಿಲ್ಲ, ಕೈಯೆತ್ತಿ ನೋಡೋಣ.”

ಒಂದು ಕೈಯೂ ಏಳಲಿಲ್ಲ.

“ಇವತ್ತು ಇವರು ಹೋಗ್ತಾರೆ ಅಂತ ಗೊತ್ತಾದ ಕೂಡಲೇ ಮನೆಯವರನ್ನ ಊಟಕ್ಕೆ ಕಳಿಸ್ತೀವಿ. ಅವರಿಗೆ ಹಸಿವಾಗಿದೆ ಅಂತ ಅಲ್ಲ. ಅವರು ನೋಡ್ತಾ ಕೂತಿದ್ರೆ ನಮ್ಮ ಕೈಲಿ ಆಗಲ್ಲ ಅಂತ. ನಾನೂ ವರ್ಷಗಟ್ಟಲೆ ಮಾಡಿದೆ. ಹೋದವರು ಬರೋದರೊಳಗೆ ಮುಗಿದಿರುತ್ತೆ. ಅವರು ಆ ಊಟನ ಜೀವಮಾನ ಇಡೀ ಮರೆಯಲ್ಲ.”

ಸಿಕ್ಕಿಬಿದ್ದವರು ನಗುವ ಹಾಗೆ ಡಾಕ್ಟರುಗಳು ಸಣ್ಣಗೆ ನಕ್ಕರು. ಮೆತ್ತನೆಯ ದನಿಯವಳು ತಲೆ ತಗ್ಗಿಸಿದಳು. ಹೊಲಿಗೆಯಮ್ಮನ ಬೆರಳಿಗೆ ಕುರ್ಚಿಯ ಹೊದಿಕೆಯ ಹೊಲಿಗೆ ಸಿಕ್ಕಿತ್ತು. ಅದು ಒಂದು ಕಡೆ ಬಿಟ್ಟುಕೊಂಡಿತ್ತು. ಆಕೆ ಆ ಬಿಟ್ಟ ಜಾಗದ ಮೇಲೆ ಬೆರಳಾಡಿಸುತ್ತ ಕೂತಳು. ಎಲ್ಲ ಡಾಕ್ಟರುಗಳೂ ಮಾಡುವ ಕೆಲಸವಂತೆ ಅದು. ಇಷ್ಟು ದಿನ ತನ್ನೊಬ್ಬಳದೇ ಎಂದುಕೊಂಡಿದ್ದ ಬೆಳಗು ಅದೆಷ್ಟು ಮನೆಗಳಲ್ಲಿ ಆಗಿತ್ತೋ.

ಆಗ ಬಾಗಿಲು ತೆರೆಯಿತು. ಮಗಳು ನಿಂತಿದ್ದಳು. ಭಾಷಣ ಮುಗಿಸಿ, ಸುತ್ತುವರಿದವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ ಬಹಳ ಹೊತ್ತಿಗೆ ಹೊರಗೆ ಬಂದವಳಿಗೆ ಯಾರೋ, ನಿಮ್ಮ ತಾಯಿಗೆ ಮಂಡಿ ನೋವಂತೆ, ಬಸ್ಸು ಹತ್ತಲಿಲ್ಲವಂತೆ ಎಂದಿದ್ದರು. ಕೋಣೆ ಕೋಣೆ ಹುಡುಕಿಕೊಂಡು ಬಂದಿದ್ದಳು. ನಡುವಿನ ಕುರ್ಚಿಯಲ್ಲಿ ತಾಯಿ, ಪಕ್ಕದಲ್ಲಿ ನೀರು, ಕಾಗದದ ಪೆಟ್ಟಿಗೆ. ಅವಳಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ಇಂಥ ತರಗತಿಯನ್ನು ಅವಳೂ ನಡೆಸಿದ್ದಳು.

“ಓ, ಸರಿಯಾದ ಹೊತ್ತಿಗೆ ಬಂದ್ರಿ” ಎಂದಳು ಬೆಳ್ಳಿಕೂದಲಿನವಳು. “ಬೆಳಗಿನ ನಿಮ್ಮ ಭಾಷಣ ಕೇಳಿದೆ, ಚೆನ್ನಾಗಿತ್ತು. ಬನ್ನಿ, ಇವರ ಎದುರು ಒಂದು ಸಲ ಕೂತ್ಕೊಳ್ಳಿ. ನಮ್ಮವರು ನೋಡಿ ಕಲೀಲಿ.”

“ಇಲ್ಲ, ಇವರು ನಮ್ಮ...” ಎಂದು ಮಗಳು ಶುರುಮಾಡಿದಳು.

“ಕೂತ್ಕೊಳ್ಳಿ ಡಾಕ್ಟ್ರೇ” ಎಂದಳು ಹೊಲಿಗೆಯಮ್ಮ.

ಮಗಳು ಹುಟ್ಟಿದಂದಿನಿಂದ ಅವಳಿಗೆ ಆಕೆ ಹಾಗೆ ಮರ್ಯಾದೆ ಕೊಟ್ಟು ಮಾತಾಡಿದ್ದಿಲ್ಲ. ಮಗಳು ಬಂದಳು, ಕೂತಳು. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುರ್ಚಿಗಳು. ಗೋಡೆಯ ಪಕ್ಕದವರೆಲ್ಲ ಮುಂದಕ್ಕೆ ಬಾಗಿದರು.

“ಒಂದು ಕೇಳೋದಿತ್ತು” ಎಂದಳು ಹೊಲಿಗೆಯಮ್ಮ. “ಅವತ್ತು ಬೆಳಿಗ್ಗೆ ನನ್ನನ್ನ ಊಟಕ್ಕೆ ಅಂತ ಮನೆಗೆ ಕಳಿಸಿದ್ರಲ್ಲ. ಕಳಿಸುವಾಗ ನಿಮಗೆ ಗೊತ್ತಿತ್ತಾ?”

ಮಗಳ ಬಾಯಿ ತೆರೆಯಿತು. “ಈ ಪ್ರಶ್ನೆ ನಿಮಗೆ ಎಷ್ಟು ಕಷ್ಟ ಕೊಡ್ತಿದೆ ಅಂತ ನನಗೆ...” ಎಂದು ಕಲಿತ ದನಿಯಲ್ಲಿ, ಕಲಿತ ಮಾತು ಹೊರಟಿತು. ಹೊರಟದ್ದು ಅಲ್ಲಿಯೇ ನಿಂತಿತು. ಅವಳು ತನ್ನ ಕೈಗಳನ್ನು ನೋಡಿಕೊಂಡಳು.

“ಗೊತ್ತಿತ್ತು.”

“ಅವರು ಎಲ್ಲೂ ಹೋಗಲ್ಲ ಅಂದ್ರಿ.”

“ಅಂದೆ.”

“ಯಾಕೆ?”

ಮಗಳು ಒಂದು ಸಲ ಬಾಗಿಲ ಕಡೆ ನೋಡಿದಳು. ಮತ್ತೆ ತಾಯಿಯ ಕಡೆ ತಿರುಗಿದಳು.

“ಕೊಳವೆ ತೆಗೀಬೇಕಿತ್ತು. ಬೇರೆಯವರು ತೆಗೀತೀನಿ ಅಂದ್ರು, ನಾನು ಬಿಡಲಿಲ್ಲ. ನಾನೇ ತೆಗೆದೆ. ನೀವು ನನ್ನ ಕೈ ನೋಡ್ತಾ ಕೂತಿದ್ರೆ ಅದು ಏಳ್ತಿರಲಿಲ್ಲ.”

ಅವಳೇ ತೆಗೆದಳೆಂಬುದು ತಾಯಿಗೆ ಗೊತ್ತಿರಲಿಲ್ಲ. ಯಾರೋ ನರ್ಸು, ಯಾರೋ ಇನ್ನೊಬ್ಬ ಡಾಕ್ಟರು ಎಂದುಕೊಂಡಿದ್ದಳು. ಹೊಲಿಗೆಯಮ್ಮ ಮಗಳ ಕೈಯನ್ನು ನೋಡಿದಳು. ಉಗುರು ಕತ್ತರಿಸಿದ, ತೊಳೆದು ತೊಳೆದು ಒಣಗಿದ ಕೈ. ಚಿಕ್ಕಂದಿನಲ್ಲಿ ಹೊಲಿಗೆ ಮಿಷನ್ನಿನ ಕೆಳಗೆ ಕೂತು ಬಿದ್ದ ಗುಂಡಿಗಳನ್ನು ಆರಿಸುತ್ತಿದ್ದ ಕೈ. ಇನ್ನೇನು ಕೇಳುವುದು?

ಮೊದಲು ಚಪ್ಪಾಳೆ ತಟ್ಟಿದವನು ಉದ್ದನೆಯ ಡಾಕ್ಟರು. ಆಮೇಲೆ ಎಲ್ಲರೂ ತಟ್ಟಿದರು. ಬೆಳ್ಳಿಕೂದಲಿನವಳು, ಸುಳ್ಳು ಸಮಾಧಾನ ಹೇಳಲಿಲ್ಲ ಗಮನಿಸಿದಿರಾ, ನೆಪ ಹೇಳಲಿಲ್ಲ ಗಮನಿಸಿದಿರಾ ಎಂದು ಒಂದೊಂದನ್ನೂ ಎತ್ತಿ ತೋರಿಸಿದಳು. ಹೊಲಿಗೆಯಮ್ಮನ ಕಾರ್ಡನ್ನು ತಂದು ಕೊಡುತ್ತ, “ನಿಜ ಹೇಳಿ, ನೀವು ನಾಟಕದವರೇ ತಾನೆ?” ಎಂದಳು.

“ಅಲ್ಲಮ್ಮ” ಎಂದಳು ಹೊಲಿಗೆಯಮ್ಮ. “ಬಟ್ಟೆ ಹೊಲೀತೀನಿ.”

ಹೊರಗೆ ಬಂದ ಮೇಲೆ ಮಗಳು ಇನ್ನೊಂದು ಸಭೆಗೆ ಹೋಗಬೇಕಾಗಿತ್ತು. ಫೋನು ಎರಡು ಸಲ ಬಡಿದುಕೊಂಡಿತು. ಅವಳು ಅದನ್ನು ಚೀಲದ ತಳಕ್ಕೆ ತುರುಕಿ, ನಡಿ, ಎಲ್ಲಾದರೂ ಹೋಗೋಣ ಎಂದಳು. ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕಟ್ಟಡದ ಹಿಂದೆಯೇ ನದಿ. ಊರು ನೋಡಬಂದವರನ್ನು ಕೂರಿಸಿಕೊಂಡು ಹೋಗುವ ದೋಣಿಯೊಂದು ಹೊರಡಲು ನಿಂತಿತ್ತು. ಹತ್ತಿದರು. ದೋಣಿಯ ಎರಡೂ ಅಂಚಿಗೆ ಉದ್ದಕ್ಕೆ ಬೆಂಚು ಹಾಕಿದ್ದರು. ಇಬ್ಬರೂ ಎಡಗಡೆ ಕೂತರು. ಸೇತುವೆ ಬಂತು, ಹೋಯಿತು. ಇನ್ನೊಂದು ಸೇತುವೆ ಬಂತು.

ತಾಯಿಯೇ ಮೊದಲು ಬಾಯಿ ಬಿಟ್ಟಳು. “ಅವತ್ತು ಬಡಿಸ್ಕೊಂಡು ಕೂತೆ. ಎಷ್ಟು ದಿನದ ಹಸಿವೋ ಏನೋ. ಮುಗಿದ ಮೇಲೆ ಇನ್ನೊಂದು ಸಲ ಬಡಿಸ್ಕೊಂಡೆ. ರುಚಿಯಾಗಿತ್ತು. ರುಚಿಯಾಗಿದೆ ಅಂತ ಅಂದ್ಕೊಂಡೇ ತಿಂದೆ.”

ಮಗಳು ನೀರನ್ನು ನೋಡುತ್ತಿದ್ದಳು.

“ಅವರಿಗೆ ಏನಾದ್ರೂ ಅಂದ್ಯಾ, ತೆಗೆಯುವಾಗ?” ಎಂದು ತಾಯಿ ಕೇಳಿದಳು.

“ನಾವು ಎಲ್ಲ ರೋಗಿಗಳಿಗೂ ಹೇಳ್ತೀವಮ್ಮ, ಎಚ್ಚರ ಇಲ್ಲದಿದ್ರೂ. ಇವತ್ತು ಯಾವ ವಾರ, ಹೊರಗೆ ಬಿಸಿಲಿದೆಯಾ ಮಳೆಯಿದೆಯಾ, ಈಗ ನಾನು ಏನು ಮಾಡ್ತೀನಿ ಅಂತ. ಅಪ್ಪನಿಗೂ ಅದನ್ನೇ ಹೇಳಿದೆ. ಬೇರೆ ಏನೂ ಬಾಯಿಗೆ ಬರಲಿಲ್ಲ.” ಅವಳು ಬೆಂಚಿನ ಪಕ್ಕದ ಕಂಬಿ ಹಿಡಿದುಕೊಂಡಳು. “ಅಮ್ಮ ಊಟಕ್ಕೆ ಹೋಗಿದಾಳೆ, ಈಗ ಬರ್ತಾಳೆ ಅಂತ ಹೇಳಿದೆ.”

“ಹಂಗಂದ್ಯಾ?”

“ಹೂಂ.”

“ಆಮೇಲೆ?”

“ಆಮೇಲೆ ಸ್ವಲ್ಪ ಹೊತ್ತು ಇದ್ರು. ನೀನು ಬರೋವರೆಗೂ ಇರ್ತಾರೇನೋ ಅಂತ ಬಾಗಿಲು ನೋಡಿದೆ. ಎರಡು ಮೂರು ಸಲ ನೋಡಿದೆ.”

ಗಾಳಿಗೆ ಮಗಳ ಕೂದಲು ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಮಗಳು ಅದನ್ನು ಸರಿಮಾಡಿಕೊಳ್ಳಲಿಲ್ಲ, ತಾಯಿಯೂ ಕೈ ಚಾಚಲಿಲ್ಲ. ಚಾಚಬೇಕೆನ್ನಿಸಿತು. ಕೈ ಮಡಿಲಿನಿಂದ ಏಳಲಿಲ್ಲ.

ದೋಣಿ ನದಿಯ ತಿರುವಿಗೆ ಬಂದಿತು. ಬಲಗಡೆ ನೋಡಲು ಏನೋ ದೊಡ್ಡದಿತ್ತೆಂದು ತೋರುತ್ತದೆ. ಧ್ವನಿವರ್ಧಕದಲ್ಲಿ ಹೆಂಗಸೊಬ್ಬಳು ಉತ್ಸಾಹದಿಂದ ಹೇಳತೊಡಗಿದಳು. ಕೂತಿದ್ದವರೆಲ್ಲ ಫೋನು ಹಿಡಿದುಕೊಂಡು ಎದ್ದು ಆ ಕಡೆಗೆ ನುಗ್ಗಿದರು. ದೋಣಿ ಆ ಕಡೆಗೆ ವಾಲಿತು. ನಡೆಸುವವನು ಹಿಂದಿನಿಂದ ಏನೋ ಕೂಗಿ, ಎಡಗಡೆ ಉಳಿದಿದ್ದ ಇವರಿಬ್ಬರ ಕಡೆ ಕೈಚಾಚಿ, ನೀವು ಏಳಬೇಡಿ, ಅಲ್ಲೇ ಇರಿ ಎಂದು ಸನ್ನೆ ಮಾಡಿದ.

ಅವರು ಎದ್ದೂ ಇರಲಿಲ್ಲ. ಅವರ ಕಡೆಯ ದಡದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಉದ್ದನೆಯ ಒಂದು ಇಟ್ಟಿಗೆ ಗೋಡೆ, ಅದರ ಬುಡಕ್ಕೆ ಬಂದು ಬಂದು ತಾಗುವ ಕಪ್ಪು ನೀರು. ವಾಲಿದ ದೋಣಿಯಲ್ಲಿ ಕಂಬಿ ಹಿಡಿದುಕೊಂಡು, ಗೋಡೆ ಮುಗಿಯುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು.